ಸೊಲ್ಲಾಪುರಕ್ಕೆ ಇಪ್ಪತ್ತು ಕಿಲೋ ಖವಾ

ಹೋಳಿ ಹುಣ್ಣಿಮೆ ಕಳೆದು ಎಂಟು ದಿನವಾಗಿತ್ತು. ಶಿರೂರಿನ ಹೊಲಗಳಲ್ಲಿ ಹತ್ತಿಯ ಗಿಡ ಕಿತ್ತು ಮುಗಿದಿತ್ತು. ಒಣಗಿದ ಹತ್ತಿಕಟ್ಟಿಗೆಯ ಹೊರೆಗಳು ಮನೆಮನೆಯ ಹಿತ್ತಿಲಲ್ಲಿ ಮಾಳಿಗೆಯ ಎತ್ತರಕ್ಕೆ ಏರಿ ಕುಳಿತಿದ್ದವು. ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ, ಸಾವಂತ್ರವ್ವನ ಅಂಗಳದಲ್ಲಿ ಮಾತ್ರ ಆಗಲೇ ಎರಡು ಒಲೆ ಹೊತ್ತಿಕೊಂಡಿದ್ದವು. ಹತ್ತು ಮನೆಯ ಎಮ್ಮೆಗಳ ಹಾಲು ಹತ್ತು ತರದ ಚರಿಗೆಗಳಲ್ಲಿ ಬಂದು, ಅರಿವೆಯಲ್ಲಿ ಸೋಸಿಕೊಂಡು, ಕಬ್ಬಿಣದ ಕಡಾಯಿಗೆ ಬಿದ್ದಿತ್ತು.

ಖವಾ ಕಾಸುವುದೆಂದರೆ ಹಾಲು ಒಲೆಗೇರಿಸಿ ಅತ್ತಿತ್ತ ಹೋಗಿ ಬರುವ ಕೆಲಸವಲ್ಲ. ಹಾಲು ಉಕ್ಕಿದಾಗಿನಿಂದ ಮುದ್ದೆ ಕಟ್ಟುವವರೆಗೆ ಕೈಯಾಡಿಸುತ್ತಲೇ ಇರಬೇಕು. ಗಳಿಗೆ ಮೈಮರೆತರೆ ತಳ ಹಿಡಿಯುತ್ತದೆ. ತಳ ಹಿಡಿದ ಖವಾಕ್ಕೆ ಹೊಗೆಯ ವಾಸನೆ. ಸಾವಂತ್ರವ್ವನ ಇಪ್ಪತ್ತು ವರ್ಷದ ಖವಾದಲ್ಲಿ ಅಂಥ ವಾಸನೆ ಒಂದೇ ಒಂದು ಸಲವೂ ಬಂದಿರಲಿಲ್ಲ. ಈಗ ಎರಡು ವರ್ಷದಿಂದ ಅವಳ ಬಲ ಭುಜ ಕೈಕೊಟ್ಟಿತ್ತು. ಹಾಲು ಅರ್ಧಕ್ಕೆ ಇಳಿಯುವ ಹೊತ್ತಿಗೆ ಸೊಸೆ ರೇಣವ್ವ ಏನೂ ಮಾತಾಡದೆ ಬಂದು ಪಕ್ಕದಲ್ಲಿ ಕುಳಿತು ಉದ್ದ ಹಿಡಿಕೆಯ ಸೌಟು ತೆಗೆದುಕೊಳ್ಳುತ್ತಿದ್ದಳು. ಅತ್ತೆಯೂ ಏನೂ ಮಾತಾಡದೆ ಕೊಡುತ್ತಿದ್ದಳು. ಕೊಟ್ಟ ಮೇಲೆ ಮಾತ್ರ ಬಾಯಿ ಶುರು.

"ಅಂಚಿಗೆ ಒಣಗಿದ್ದು ಎಳ್ಕೋ. ಅಂಚು ಅಂತೇನಿ!"

"ಎಳ್ಕೊಳ್ಳಾಕತ್ತೇನ್ರಿ ಅತ್ತಿ."

"ಉರಿ ಸಣ್ಣ ಮಾಡು."

"ಮಾಡೇನ್ರಿ."

"ಮಾಡೇನಿ ಅಂತೀ, ಕಡಾಯಿ ನೋಡಿದ್ರ ಹಂಗ ಕಾಣಂಗಿಲ್ಲ."

ಆರಿದ ಖವಾವನ್ನು ಒದ್ದೆ ಮಾಡಿ ಹಿಂಡಿದ ಹಳೇ ಧೋತರದ ಬಟ್ಟೆಯಲ್ಲಿ ಕಟ್ಟುವುದು ಸಾವಂತ್ರವ್ವನದೇ ಕೆಲಸ. ತೂಕ ಸರಿಯಾದ ಮೇಲೆ ಒಂದು ಮುಟಿಗೆ ಖವಾ ಕೊಸರು ಹಾಕಿ, ಮನೆಯ ಕುರಿಯ ಕರಿ ಉಣ್ಣೆಯಿಂದ ತಾನೇ ನೂತ ದಾರದಿಂದ ಬಿಗಿಯುವಳು. ಅದೇ ಗುರುತು. ಮಗ ನೀಲಪ್ಪ ಗಂಟನ್ನು ಬುಟ್ಟಿಯಲ್ಲಿಟ್ಟು ಬಾಗಲಕೋಟೆಯ ಸ್ಟೇಶನ್ನಿಗೆ ಒಯ್ಯುವನು; ಹಮಾಲಿ ಚಾಂದಸಾಬ ಅದನ್ನು ಪಾರ್ಸಲ್ ಮಾಡಿಸಿ ಗಾಡಿಗೆ ಏರಿಸುವನು; ಸೊಲ್ಲಾಪುರದಲ್ಲಿ ಮಿಠಾಯಿ ಅಂಗಡಿಯ ಸೇಠನ ಆಳು ಕರಿ ದಾರ ನೋಡಿ ಇಳಿಸಿಕೊಳ್ಳುವನು. ಸೇಠ ಸಾವಂತ್ರವ್ವನನ್ನು ಕಂಡಿರಲಿಲ್ಲ, ಅವಳು ಭೀಮಾ ಹೊಳೆ ದಾಟಿರಲಿಲ್ಲ. ಸೊಲ್ಲಾಪುರದಲ್ಲಿ ಬೇರೆಯವರ ಖವಾ ಬೆರಳಿಗೆ ಹಚ್ಚಿ, ಮೂಸಿ, ನಾಲಿಗೆಗಿಟ್ಟು ತಗೊಳ್ಳುತ್ತಾರೆ, ತನ್ನ ಗಂಟನ್ನು ಮಾತ್ರ ಬಿಚ್ಚಿದವರೇ ಕಡಾಯಿಗೆ ಹಾಕುತ್ತಾರೆ ಎಂದು ಚಾಂದಸಾಬ ಎಂದೋ ಹೇಳಿದ್ದ. ಆ ಮಾತನ್ನು ಅವಳು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಓಣಿಯಲ್ಲಿ ಅದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ.

ತಿಂಗಳಿಗೆ ಒಂದು ದಿನ ಮಾತ್ರ ಒಲೆ ತಣ್ಣಗಿರುತ್ತಿತ್ತು. ಅಮಾವಾಸ್ಯೆಯ ಹಾಲು ಬೀರಪ್ಪನದು. ದೇವರಿಗೆ ಒಂದು ಗಿಂಡಿ ಎರೆದು ಉಳಿದದ್ದನ್ನು ಓಣಿಯ ಮಕ್ಕಳಿಗೆ ಹಸಿಯಾಗಿಯೇ ಹಂಚುವುದು ಅವಳ ಅತ್ತೆಯ ಅತ್ತೆಯ ಕಾಲದಿಂದ ಬಂದ ನಡಾವಳಿ.

ಆ ದಿನ ಗಂಟು ಕೊಟ್ಟು ಮಧ್ಯಾಹ್ನಕ್ಕೆ ಬರಿ ಬುಟ್ಟಿಯೊಂದಿಗೆ ಬರಬೇಕಾಗಿದ್ದ ನೀಲಪ್ಪ ಗಂಟಿನ ಸಮೇತ ಬಂದ.

"ಯಾಕಲೇ ನೀಲ್ಯಾ? ಗಾಡಿ ತಪ್ಪಿತೇನು?"

"ಗಾಡಿ ಇತ್ತು ಯವ್ವಾ. ಗಾಡಿಗೆ ಹತ್ತಸಗೊಡ್ಲಿಲ್ಲ." ಅವನು ಬುಟ್ಟಿ ಇಳಿಸಿ ಪಡಸಾಲೆಯಲ್ಲಿ ಕುಕ್ಕರಿಸಿದ. "ಹೊಸಾ ಹುಕುಂ ಬಂದೈತಂತ. ಮಳಿಗಾಲ ಬರೂಮಟಾ ಖವಾ, ಬೆಣ್ಣಿ ನಮ್ಮ ಸೀಮಿ ದಾಟಿ ಮಹಾರಾಷ್ಟ್ರಕ್ಕ ಹೋಗಂಗಿಲ್ಲ. ಬ್ಯಾಸಗಿಯಾಗ ಪ್ಯಾಟಿ ಮಂದಿಗೆ ಕುಡಿಯಾಕ ಹಾಲು ಸಾಲೂದಿಲ್ಲಂತ."

"ನಮ್ಮೂರ ಹಾಲು ಯಾವ ಪ್ಯಾಟಿಗೆ ಒಯ್ತಾರಂತ? ಹೊತ್ತು ಏರೂದ್ರಾಗ ಒಡದು ಹೋಗತೈತಿ ಅಂತನ ಅದನ್ನ ಕಾಸೂದು."

"ಅದನ್ನ ನನಗ ಕೇಳ್ತೀಯಲ್ಲ!"

"ಮತ್ತ್ಯಾರನ್ನ ಕೇಳ್ಲಿ, ನಿನ್ನಪ್ಪನ್ನ ಕೇಳ್ಲೇನು?"

ಗೋಡೆಯ ಮೇಲೆ ಅವಳ ತೀರಿಹೋದ ಗಂಡ ಬಂಡೆಪ್ಪನ ಫೋಟೋ ಇತ್ತು. ರೇಣವ್ವ ನಗು ತಡೆದುಕೊಂಡು ಗಂಡನಿಗೆ ಮಜ್ಜಿಗೆ ತಂದುಕೊಟ್ಟಳು.

ಅಂದಿನ ಒಂಬತ್ತು ಕಿಲೋ ಖವಾ ಬಾಗಲಕೋಟೆಯ ಹೋಟೆಲಿನವನಿಗೆ ಹೋಯಿತು. ಅವನು ಬೆರಳಿಗೆ ಹಚ್ಚಿ, ಮೂಸಿ, ನಾಲಿಗೆಗಿಟ್ಟು, ಅರ್ಧ ರೇಟು ಹೇಳಿದ. ಮರುದಿನವೂ ಹಾಗೇ. ಯುಗಾದಿ ಬಂತು. ಆ ವರ್ಷ ಮನೆಯಲ್ಲಿ ಹೋಳಿಗೆಗೆ ಬೇಳೆ ಅಳೆದು ಹಾಕಿದರು, ಹೊಸ ಸೀರೆಯ ಸುದ್ದಿ ಯಾರೂ ಎತ್ತಲಿಲ್ಲ. ಸಾವಂತ್ರವ್ವನಿಗೆ ಸೀರೆಯ ಚಿಂತೆ ಇರಲಿಲ್ಲ. ಹೋಟೆಲಿನವನು ನಾಲಿಗೆಗಿಟ್ಟು ನೋಡಿದ ಎಂದು ಮಗ ಹೇಳಿದ್ದ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು.

ಯುಗಾದಿಯಾದ ನಾಲ್ಕನೆಯ ದಿನ ಚಾಂದಸಾಬ ಸೈಕಲ್ ತುಳಿದುಕೊಂಡು ಊರಿಗೇ ಬಂದ. ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತ.

"ಅಕ್ಕಾರ, ಸೇಠ್ ಹೇಳಿ ಕಳಿಸ್ಯಾರ. ಬಸವ ಜಯಂತಿಗೆ ಸೊಲ್ಲಾಪುರದಾಗ ಭಾಳ ಲಗ್ನ ಅದಾವ. ಪೇಢೇಕ್ಕ ಇಪ್ಪತ್ತು ಕಿಲೋ ಖವಾ ಬೇಕಂತ."

"ನಿಮ್ಮ ಸ್ಟೇಶನ್ನಿನವ್ರು ಬಿಡಬೇಕಲ್ಲೋ ಚಾಂದಾ."

"ಪರ್ಮಿಟ್ ಕೊಡ್ತಾರ. ಮದ್ಲಿಂದ ಧಂಧೆ ಮಾಡ್ಕೊಂಡು ಬಂದವ್ರಿಗೆ ಅರ್ಜಿ ಕೊಟ್ರ ಕೊಡ್ತಾರ. ಒಂದು ಕಾಗದಕ್ಕ ಒಂದ ತಾರೀಖು, ಒಂದ ತೂಕ." ಅವನು ದನಿ ತಗ್ಗಿಸಿದ. "ಖರೆ ಹೇಳ್ತೇನ್ರಿ ಅಕ್ಕಾರ. ಸೇಠಗ ಆ ಕಡೆ ಹಳ್ಳಿಯವ್ರ ಖವಾ ಮನೀ ಬಾಗಲಿಗೇ ಬರಾಕತ್ತೈತಿ. ಅದಕ್ಕ ಸೀಮಿ ಇಲ್ಲ, ಕಾಗದ ಇಲ್ಲ. ಈ ಸಲ ನಿಮ್ಮ ಗಂಟು ಬರಲಿಲ್ಲ ಅಂದ್ರ, ಆ ಕಡೆಯವ್ರನ್ನ ಕಾಯಂ ಮಾಡ್ಕೋತೇನಿ ಅಂದಾರ. ಮ್ಯಾಲ ಮಳಿಗಾಲ ಬಂದ್ರೂ ಅಷ್ಟ, ಹುಕುಂ ಹೋದ್ರೂ ಅಷ್ಟ."

ಸಾವಂತ್ರವ್ವ ಒಳಗೆ ನೋಡಿ ಕೂಗಿದಳು: "ರೇಣಿ, ಚಾಂದಗ ರೊಟ್ಟಿ ಹಚ್ಚು." ಮತ್ತೆ ಅವನ ಕಡೆ ತಿರುಗಿ, "ಬರ್ತೈತಿ ಅಂತ ಹೇಳು," ಎಂದಳು.

ಆ ಕಾಗದಕ್ಕಾಗಿ ನೀಲಪ್ಪ ಬಾಗಲಕೋಟೆಯ ಕಚೇರಿಗೆ ನಾಲ್ಕು ಸಲ ತಿರುಗಿದ. ಒಮ್ಮೆ ಸಾಹೇಬರು ಇರಲಿಲ್ಲ, ಒಮ್ಮೆ ಅರ್ಜಿಗೆ ಸ್ಟಾಂಪಿನ ಟಿಕೇಟು ಹಚ್ಚಿರಲಿಲ್ಲ, ಒಮ್ಮೆ ಊರಿನ ಚೇರಮನ್ನರ ಸಹಿ ಬೇಕಾಯಿತು. ನಾಲ್ಕನೆಯ ಸಲ ಕಾಗದ ಕೈಗೆ ಬಂದಾಗ ಲಗ್ನಪತ್ರಿಕೆ ಹಿಡಿದುಕೊಂಡು ಬಂದವನ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಬಂದ. ಊಟಕ್ಕೆ ಕುಳಿತಾಗ ರೇಣವ್ವ ಅದನ್ನು ಚಿಮಣಿಯ ಬೆಳಕಿಗೆ ಹಿಡಿದು ಓದಿದಳು. ಅವಳು ನಾಲ್ಕನೆಯ ಇಯತ್ತೆ ಪಾಸಾದವಳು.

"'ಸಾವಂತ್ರವ್ವ ಕೋಂ ಬಂಡೆಪ್ಪ, ಸಾಕಿನ್ ಶಿರೂರು. ಖವಾ, ಇಪ್ಪತ್ತು ಕಿಲೋ. ತಯಾರು ಮಾಡಿದವರು ಖುದ್ದಾಗಿ ಒಯ್ಯತಕ್ಕದ್ದು.'"

"ಖುದ್ದಾಗಿ ಅಂದ್ರ?" ಸಾವಂತ್ರವ್ವ ಕೇಳಿದಳು.

"ಅಂದ್ರ ನೀವ ಒಯ್ಯಬೇಕು ಅತ್ತಿ."

"ನಾ ಸೊಲ್ಲಾಪುರಕ್ಕ?" ಮುದುಕಿ ಮಗನ ಕಡೆ ನೋಡಿದಳು. "ನಿನ್ನ ಹೆಸರು ಬರಸಾಕ ಏನಾಗಿತ್ತಲೇ?"

"ಖವಾ ಯಾರದು ಅಂತ ಕೇಳಿದ್ರು. ನಮ್ಮವ್ವಂದು ಅಂದ್ನಿ. ಮತ್ತೇನನ್ಲಿ?" ನೀಲಪ್ಪ ರೊಟ್ಟಿ ಮುರಿಯುತ್ತ ನೆಟ್ಟಗೆ ಕುಳಿತ.

ರೇಣವ್ವ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ಕಾಗದ ನೋಡಿದಳು. ಅದನ್ನು ಕಂಡು ನೀಲಪ್ಪ, "ಏನಾತು?" ಎಂದ.

"ತಾರೀಖು ಯಾರು ಹೇಳಿದ್ರಿ?"

"ನಾನ. ಯಾವತ್ತು ಒಯ್ತೀ ಅಂದ್ರು. ಬಸವ ಜಯಂತಿಗೆ ಮೂರು ದಿನ ಮುಂಚೇಕ ಅಂದ್ನಿ. ಗಾಡಿಗೆ ಒಂದು ದಿನ, ಪೇಢೆ ಕಟ್ಟಾಕ ಒಂದು ದಿನ, ಹಂಚಾಕ ಒಂದು ದಿನ. ಲೆಕ್ಕಾ ಹಾಕಿ ಹೇಳೇನಿ!"

"ಬಸವ ಜಯಂತಿ ಯಾವತ್ತು?" ಎಂದಳು ಸಾವಂತ್ರವ್ವ. ಅವಳ ಕೈಯಲ್ಲಿಯ ತುತ್ತು ಅಲ್ಲೇ ನಿಂತಿತ್ತು.

"ತದಿಗಿ."

"ತದಿಗಿ ಹಿಂದ?"

"ಬಿದಿಗಿ." ನೀಲಪ್ಪ ಬೆರಳು ಮಡಿಚಿದ. "ಅದರ ಹಿಂದ ಪಾಡ್ಯಾ." ಮೂರನೆಯ ಬೆರಳು ಮಡಿಚಲು ಹೋಗಿ ಹಾಗೇ ಬಿಟ್ಟ.

"ಹೇಳಲೇ! ಪಾಡ್ಯಾದ ಹಿಂದ ಏನೈತಿ?"

ಸಾವಂತ್ರವ್ವ ತಾಟು ಮುಂದೆ ಸರಿಸಿದಳು.

"ಹುಟ್ಟಿದಾಗಿಂದ ಅಮಾಸಿ ದಿನ ಬೀರಪ್ಪಗ ಹಾಲೆರಕೋಂತ ಬಂದಾಂವ, ಕಚೇರಿ ಮೆಟ್ಟಲಾ ಏರಿದ ಕೂಡ್ಲೆ ಮರತಿ. ಮುಂಜಾನಿ ಹಾಲು ಒಲಿಗೆ ಹಾಕದ, ಹತ್ತು ಗಂಟೇದ ಗಾಡಿಗೆ ಖವಾ ಎಲ್ಲಿಂದ ತರ್ಲಿ?"

"ತಾರೀಖು ಬದಲಿ ಮಾಡಸಾಕ ಬರಂಗಿಲ್ಲೇನ್ರಿ?" ಎಂದಳು ರೇಣವ್ವ.

"ಮತ್ತ ಹೊಸಾ ಅರ್ಜಿ ಅಂತಾರ. ಅದು ಬರೂದ್ರಾಗ ಲಗ್ನಾ ಮುಗದು ಕೂಸು ಹುಟ್ಟಿರತಾವ." ನೀಲಪ್ಪ ಸಿಟ್ಟಿನಿಂದ ನೀರು ಕುಡಿದ. "ಒಂದ ಒಂದು ಅಮಾಸಿ ಯವ್ವಾ. ಇಪ್ಪತ್ತು ವರ್ಷದಾಗ ಒಂದು. ಬೀರಪ್ಪಗ ಎರಡು ಗಿಂಡಿ ಹೆಚ್ಚಿಗೆ ಎರದ್ರಾತು."

"ಬೀರಪ್ಪ ಏನು ನಿನ್ನ ಕಚೇರಿ ಸಾಹೇಬನೇನು?"

"ಹಂಗಾರ ಬಿಡು! ಸೇಠ ಆ ಕಡೆಯವ್ರನ್ನ ಕಟ್ಕೊಳ್ಳಲಿ. ನಾವು ಹೋಟೆಲಿನವನ ಮುಂದ ನಿಂತು ಅವನ ನಾಲಿಗಿ ನೋಡೂಣು!"

ಆ ಮಾತಿಗೆ ಸಾವಂತ್ರವ್ವನ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಎರಡು ದಿನ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ನೀಲಪ್ಪ ಹಸಿವಿಲ್ಲವೆಂದು ಅರ್ಧ ಊಟಕ್ಕೆ ಏಳುವನು. ಮುದುಕಿ ಎಮ್ಮೆಗೆ ಹೇಳುವ ಹಾಗೆ ಮಗನಿಗೆ ಹೇಳುವಳು: "ಕೆಲವು ದನಾ ಮೇವು ಹಾಕಿದ್ರೂ ತಿನ್ನೂದಿಲ್ಲ ನೋಡವ್ವ."

ಮೂರನೆಯ ದಿನ ಕಡಾಯಿಯ ಮುಂದೆ ಸೌಟು ಕೈ ಬದಲಾದ ಮೇಲೆ ರೇಣವ್ವ ಒಲೆ ನೋಡುತ್ತಲೇ ಹೇಳಿದಳು: "ಅತ್ತಿ, ಕಾಗದದಾಗ ಒಯ್ಯೂ ತಾರೀಖು ಐತಿ. ಕಾಸೂ ತಾರೀಖು ಇಲ್ಲ."

"ಅಂದ್ರ?"

"ಹಿಂದಿನ ದಿನಾನ ಕಾಸಿ ಇಟ್ರ? ನಾವು ಮಾಡೂದಕಿಂತ ಇನ್ನೊಂದು ಹದಾ ಗಟ್ಟಿ ಮಾಡಬೇಕು. ನೀರಿನ ಅಂಶ ಹೋದ್ರ ಮೂರು ದಿನ ಕೆಡಂಗಿಲ್ಲ."

"ಗಟ್ಟಿ ಮಾಡಿದ್ರ ತೂಕಾ ಇಳಿತೈತಿ."

"ಇಳಿತೈತ್ರಿ. ಇಪ್ಪತ್ತು ಕಿಲೋಕ್ಕ ನೂರಾ ಇಪ್ಪತ್ತು ಲೀಟರ್ ಹಾಲು ಬೇಕು, ಅದೂ ಒಂದ ದಿನದಾಗ. ನಮಗ ಬರೂದು ಐವತ್ತು."

"ಉಳದದ್ದು?"

ರೇಣವ್ವ ಈಗ ಅತ್ತೆಯ ಮುಖ ನೋಡಿದಳು. "ಓಣ್ಯಾಗ ಕೇಳಬೇಕ್ರಿ. ಖವಾಕ್ಕ ಹಾಕಲಾರದ ಮನಿ ಹದಿನಾಲ್ಕು ಅದಾವ. ಅವ್ರು ಮಸರಿಗಿ ಹಾಕ್ಕೊಳ್ಳೂ ಹಾಲು. ಒಂದು ದಿನದ್ದು ಕೈಗಡಾ ಅಂತ ಇಸ್ಕೊಂಡು, ಆಮ್ಯಾಲ ಹಾಲಿಗೆ ಹಾಲ ತಿರುಗಿ ಕೊಡೂದು."

ಸಾವಂತ್ರವ್ವ ಆ ಊರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷ. ಉಪ್ಪಿಗೆಂದೂ ಒಂದು ಮನೆಯ ಬಾಗಿಲು ತಟ್ಟಿದವಳಲ್ಲ. ಗಂಡ ಸತ್ತ ವರ್ಷ ಕೂಡ ಜೋಳ ಇಲ್ಲದಾಗ ಅಂಬಲಿ ಕುಡಿದು ಮಲಗಿದಳೇ ಹೊರತು ಸೆರಗೊಡ್ಡಲಿಲ್ಲ. ಕಡಾಯಿಯಲ್ಲಿ ಹಾಲು ಗುಳ್ಳೆ ಗುಳ್ಳೆಯಾಗಿ ಕುದಿಯುತ್ತಿತ್ತು.

"ಅಮಾಸಿ ದಿನ ಗಂಟು ಒಯ್ದರ ನಡೀತೈತೇನ್ರಿ ಮತ್ತ?" ಎಂದು ರೇಣವ್ವ ಹೆದರುತ್ತಲೇ ಕೇಳಿದಳು.

"ಅಮಾಸಿ ಹಾಲು ಒಲಿ ಏರಬಾರದು ಅಂತ ಐತಿ," ಎಂದು ಸಾವಂತ್ರವ್ವ ಎದ್ದಳು. "ಮುದುಕಿ ಗಾಡಿ ಏರಬಾರದು ಅಂತ ಬೀರಪ್ಪ ಎಂದೂ ಹೇಳಿಲ್ಲ."

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಅವಳು ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆ ಉಟ್ಟುಕೊಂಡು ಓಣಿಗೆ ಇಳಿದಳು. ಬೇಡಲು ಹೊರಟವಳ ಹಾಗಿರಲಿಲ್ಲ, ಲಗ್ನದ ಮನೆಗೆ ಆಯೇರಿ ಮಾಡಲು ಹೊರಟ ಹಾಗಿತ್ತು. ರೇಣವ್ವ ಹಿಂದೆ ಹೊರಟಳು. ಸತ್ಯವ್ವನ ಮನೆಯಲ್ಲಿ ಮೂರು ಚರಿಗೆ ಒಪ್ಪಿದರು. ಚಂದವ್ವ, "ನೀನ ಬಾಗಲಿಗೆ ಬಂದೀಯಲ್ಲ, ಇವತ್ತು ಹೊತ್ತು ಯಾ ಕಡೆ ಹುಟ್ಟೇತಿ!" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡು, ಕೇಳಿದ್ದಕ್ಕಿಂತ ಒಂದು ಚರಿಗೆ ಜಾಸ್ತಿ ಹೇಳಿದಳು. ಹದಿಮೂರು ಮನೆ ಮುಗಿಯಿತು. ಹದಿನಾಲ್ಕನೆಯದು ಮೌಲಾಬಿಯ ಮನೆ.

ಮೌಲಾಬಿಯೊಂದಿಗೆ ಸಾವಂತ್ರವ್ವನ ಮಾತು ನಿಂತು ಎರಡು ವರ್ಷವಾಗಿತ್ತು. ಮೊದಲು ಅವಳ ಹಾಲೂ ಖವಾಕ್ಕೆ ಬರುತ್ತಿತ್ತು. ಒಂದು ದಿನ ಸಾವಂತ್ರವ್ವ ಚರಿಗೆಯಲ್ಲಿ ಬೆರಳದ್ದಿ ನೋಡಿ, "ನೀರೈತಿ," ಎಂದು ಎಲ್ಲರ ಮುಂದೆ ಚರಿಗೆ ತಿರುಗಿ ಕೊಟ್ಟಿದ್ದಳು. ಚರಿಗೆ ತೊಳೆದ ನೀರು ತಳದಲ್ಲಿ ಉಳಿದಿತ್ತೆಂದು ಮೌಲಾಬಿ ಅಲ್ಲಾನ ಆಣೆ ಇಟ್ಟು ಹೇಳಿದರೂ ಕೇಳಿರಲಿಲ್ಲ.

"ಈ ಮನಿ ಬಿಡೂಣ್ರಿ ಅತ್ತಿ," ಎಂದಳು ರೇಣವ್ವ.

"ಅಕಿದು ಎರಡು ಚರಿಗಿ ಬಿಟ್ರ ತೂಕಾ ತುಂಬತೈತೇನು?"

"ಇಲ್ರಿ."

ಮೌಲಾಬಿ ಎಮ್ಮೆಗೆ ಹಿಂಡಿ ಕಲಿಸುತ್ತಿದ್ದಳು. ತಲೆಯೆತ್ತಿ ನೋಡಿದಳು, ಕೂಡ್ರು ಎನ್ನಲಿಲ್ಲ. ಸಾವಂತ್ರವ್ವ ನಿಂತೇ ವಿಷಯ ಹೇಳಿದಳು: ಕಾಗದ, ತಾರೀಖು, ಅಮಾವಾಸ್ಯೆ, ಎರಡು ಚರಿಗೆ ಹಾಲು.

"ನೀರು ಹಾಕಿದ ಹಾಲು ಸೊಲ್ಲಾಪುರದಾಗ ನಡೀತೈತೇನ ಸಾವಂತ್ರಿ?"

ಸಾವಂತ್ರವ್ವನ ಕೊರಳ ನರ ಉಬ್ಬಿತು.

"ಅವತ್ತು ನಾ ಚರಿಗಿ ತಳಾ ನೋಡಬೇಕಾಗಿತ್ತು," ಎಂದಳು ಸಾವಂತ್ರವ್ವ. "ನೋಡಲಿಲ್ಲ."

ಮೌಲಾಬಿ ಕೈಗೆ ಹತ್ತಿದ ಹಿಂಡಿಯನ್ನು ಬಾನಿಯ ಅಂಚಿಗೆ ಒರೆಸಿದಳು. "ಮುಂಜಾನಿ ಒಂದು, ಸಂಜಿಗೆ ಒಂದು. ನಿನ್ನ ಸೊಸೀನ ಕಳಸು. ನೀ ಬರಬ್ಯಾಡ, ನಿನ್ನ ಬೆರಳಿನ ಮ್ಯಾಲ ನನಗ ಭರೋಸಾ ಇಲ್ಲ."

ಅಮಾವಾಸ್ಯೆಯ ಹಿಂದಿನ ದಿನ ಅಂಗಳದಲ್ಲಿ ನಾಲ್ಕು ಒಲೆ ಹೂಡಿದರು. ಚಂದವ್ವ, ಸತ್ಯವ್ವ ಇಬ್ಬರೂ ತಮ್ಮ ಹಾಲಿನ ಹಿಂದೆ ತಾವೂ ಬಂದು ಕುಳಿತರು. ನೀಲಪ್ಪ ಹತ್ತಿಕಟ್ಟಿಗೆ ಮುರಿದು ಮುರಿದು ಅಂಗೈ ಕೆತ್ತಿಸಿಕೊಂಡ. ಮುಂಜಾನೆಯ ಹಾಲು ಮಧ್ಯಾಹ್ನದೊಳಗೆ ಮುದ್ದೆಯಾಯಿತು, ಸಂಜೆಯ ಹಾಲು ಊಟದ ಹೊತ್ತಿಗೆ. ಕೊನೆಯ ಹದ ಮಾತ್ರ ನಾಲ್ಕೂ ಕಡಾಯಿಯಲ್ಲಿ ರೇಣವ್ವನದೇ ಕೈ. ಸಾವಂತ್ರವ್ವ ಪಕ್ಕದಲ್ಲಿ ನಿಂತು ಬಾಯಿ ತೆರೆಯಲು ಹೋಗುವಳು, ನೋಡಿದರೆ ಸೌಟು ಆಗಲೇ ಅಂಚಿಗೆ ಹೋಗಿರುತ್ತಿತ್ತು, ಉರಿ ಆಗಲೇ ಸಣ್ಣದಾಗಿರುತ್ತಿತ್ತು. ಬಾಯಿ ಮುಚ್ಚಿಕೊಳ್ಳುವಳು. ಇದನ್ನು ಕಂಡ ಚಂದವ್ವ, "ಯಾಕ ಸಾವಂತ್ರಿ, ಇವತ್ತು ಬೈಗಳಾ ಖರ್ಚಾಗವಲ್ವು?" ಎಂದು ಎಲ್ಲರನ್ನೂ ನಗಿಸಿದಳು.

ಮರುದಿನ ಮುಂಜಾನೆ ಸಾವಂತ್ರವ್ವ ಬೀರಪ್ಪನಿಗೆ ಹಾಲೆರೆದಳು. ಓಣಿಯ ಮಕ್ಕಳಿಗೆ ಹಂಚುವುದನ್ನು ಸೊಸೆಗೆ ಒಪ್ಪಿಸಿ, ಮಗನ ತಲೆಯ ಮೇಲೆ ಬುಟ್ಟಿ ಹೊರಿಸಿಕೊಂಡು ಬಸ್ಸು ಹತ್ತಿದಳು. ಬಾಗಲಕೋಟೆಯಲ್ಲಿ ಚಾಂದಸಾಬ ಇಬ್ಬರಿಗೂ ಕಿಟಕಿಯ ಹತ್ತಿರ ಜಾಗ ಹಿಡಿದಿದ್ದ. ಗಾಡಿ ಕೃಷ್ಣೆಯನ್ನು ದಾಟಿ, ಬಿಜಾಪುರ ದಾಟಿ, ಬಿಸಿಲಲ್ಲಿ ಕಾದ ಎರೆಹೊಲಗಳ ನಡುವೆ ತೆವಳುತ್ತ ಹೋಯಿತು. ಸಾವಂತ್ರವ್ವ ಅರ್ಧ ಗಂಟೆಗೊಮ್ಮೆ ಗಂಟಿನ ಮೇಲೆ ನೀರು ಚಿಮುಕಿಸುವಳು, ಬಟ್ಟೆಯ ಮೇಲೆ ಮೂಗಿಟ್ಟು ನೋಡುವಳು. "ಹೆಂಗೈತಿ?" ಎಂದು ನೀಲಪ್ಪ ಕೇಳುವನು. "ಐತಿ," ಎನ್ನುವಳು.

ಭೀಮಾ ಹೊಳೆಯ ಈಚೆಗಿನ ಸಣ್ಣ ಸ್ಟೇಶನ್ನಿನಲ್ಲಿ ತಪಾಸಣೆ. ಬೇವಿನ ಗಿಡದ ಕೆಳಗೆ ಮೇಜು, ಮೇಜಿನ ಮೇಲೆ ತಕ್ಕಡಿ, ಒಂದು ಸಣ್ಣ ಬಾಟಲಿ. ತಪಾಸಣೆಯ ಸಾಹೇಬರು ವಯಸ್ಸಿನಲ್ಲಿ ನೀಲಪ್ಪನಿಗಿಂತ ಸಣ್ಣವರು. ಸಾಲಿನಲ್ಲಿ ಇವರ ಮುಂದೆ ಇದ್ದವನ ಗಂಟು ಬಿಚ್ಚಿಸಿ, ಒಂದು ಚೂರು ಖವಾ ನೀರಲ್ಲಿ ಕದಡಿ, ಬಾಟಲಿಯ ಕಂದು ಔಷಧವನ್ನು ಒಂದು ಹನಿ ಬಿಟ್ಟರು. ನೀಲಿ ಬಣ್ಣ ಎದ್ದಿತು.

"ಹಿಟ್ಟು ಕಲಿಸೀರಿ. ತಗೊಂಡು ವಾಪಸ್ ನಡೀರಿ."

ಆ ಮನುಷ್ಯ ಕೈಮುಗಿದ, ಕಾಲಿಗೆ ಬಿದ್ದ, ಕೊನೆಗೆ ಗಂಟು ಎತ್ತಿಕೊಂಡು ಗಿಡದ ಆಚೆ ಹೋಗಿ ಕುಳಿತ. ತಮ್ಮದರಲ್ಲಿ ಹಿಟ್ಟಿಲ್ಲವೆಂದು ನೀಲಪ್ಪನಿಗೆ ಗೊತ್ತಿತ್ತು, ಆದರೂ ಆ ಬಾಟಲಿಯನ್ನು ನೋಡಿದರೆ ಯಾರಿಗೂ ಭಯ ಹುಟ್ಟುವಂತಿತ್ತು. ಸಾವಂತ್ರವ್ವ ಮುಂದೆ ಬಂದು ಕರಿ ದಾರ ತಾನೇ ಬಿಚ್ಚಿದಳು. ಹನಿ ಬಿತ್ತು. ಕಂದು ಹನಿ ಕಂದಾಗಿಯೇ ಹರಡಿತು. ಸಾಹೇಬರು ಇನ್ನೊಂದು ಹನಿ ಬಿಟ್ಟರು. ಬಣ್ಣ ಕದಲಲಿಲ್ಲ.

"ಯಾವಾಗ ಮಾಡಿದ್ದು?"

"ನಿನ್ನೆ."

"ನಿನ್ನೆ? ಈ ಬ್ಯಾಸಗಿಯಾಗ? ಇವತ್ತ ಯಾಕ ಮಾಡಲಿಲ್ಲ?"

"ಇವತ್ತು ಅಮಾಸಿ ಐತಿ. ಅಮಾಸಿ ದಿನ ನಮ್ಮನಿಯಾಗ ಹಾಲು ಒಲಿ ಏರಂಗಿಲ್ಲ. ಮೂಸಿ ನೋಡ್ರಿ."

ಸಾಹೇಬರು ಮೂಸಿದರು. ಒಂದು ಚೂರು ಬಾಯಿಗೆ ಹಾಕಿಕೊಂಡರು. ಅವರ ಮುಖ ಸ್ವಲ್ಪ ಬದಲಾಯಿತು. ಬಾಯಲ್ಲಿದ್ದದ್ದು ಕರಗುವವರೆಗೆ ಮಾತಾಡಲಿಲ್ಲ.

"ಇದನ್ನ ನೀವ ಮಾಡಿದ್ರೇನಜ್ಜಿ?"

ನೀಲಪ್ಪ ತಾಯಿಯ ಸೆರಗು ಜಗ್ಗಿದ. ಹೌದು ಎಂದರೆ ಮುಗಿಯಿತು, ಕಾಗದವೂ ಅದನ್ನೇ ಹೇಳುತ್ತದೆ. ಸಾವಂತ್ರವ್ವ ಸೆರಗು ಬಿಡಿಸಿಕೊಂಡಳು.

"ಹೆಸರು ನಂದು. ಹದಾ ಕಲಿಸಿ ಕೊಟ್ಟಾಕಿ ನಾ. ಆದ್ರ ಕೈ ನನ್ನ ಸೊಸೀವು, ರೇಣವ್ವಂದು. ನನ್ನ ಭುಜಾ ಹೋಗಿ ಎರಡು ವರ್ಷಾತು. ಕಾಗದದಾಗ ಜಾಗಾ ಇದ್ರ ಅಕಿ ಹೆಸರೂ ಬರೀರಿ."

ಸಾಹೇಬರು ನಕ್ಕರು. "ಜಾಗಾ ಒಬ್ಬರಿಗೆ ಐತಿ. ಇರ್ಲಿ." ಗಂಟನ್ನು ತಕ್ಕಡಿಗೆ ಇಡಿಸಿದರು. ಮುಳ್ಳು ಇಪ್ಪತ್ತು ದಾಟಿ ನಿಂತಿತು. ಅವರ ನಗು ಹೋಯಿತು. "ಅಜ್ಜಿ, ಇದು ಪರ್ಮಿಟ್ಟಿಗಿ ಮೀರಿ ಐತಿ. ಎರಡು ನೂರು ಗ್ರಾಂ ಹೆಚ್ಚು."

"ಅದು ಕೊಸರು!"

"ಕೊಸರು ಅಂತ ಇದರಾಗ ಬರದಿಲ್ಲ. ಇಪ್ಪತ್ತಂದ್ರ ಇಪ್ಪತ್ತು. ಹೆಚ್ಚಿಗಿ ಇದ್ದದ್ದು ಹೊಳಿ ದಾಟಂಗಿಲ್ಲ."

ನೀಲಪ್ಪ ಹಣೆ ಬಡಿದುಕೊಂಡ. ಹೊರಡುವಾಗ ಅವನ ಕಣ್ಣೆದುರೇ ಅವಳು ಅದನ್ನು ಹಾಕಿದ್ದಳು, ಅವನಿಗೆ ಹೊಳೆದಿರಲೇ ಇಲ್ಲ. ಕೊಸರಿಲ್ಲದೆ ಆ ಮನೆಯಿಂದ ಗಂಟು ಹೊರಬಿದ್ದದ್ದೇ ಇಲ್ಲ. ಎಂಜಿನ್ನು ಸಿಳ್ಳು ಹಾಕಿತು.

ಸಾವಂತ್ರವ್ವ ಗಂಟಿನ ಮೇಲಿನಿಂದ ಒಂದು ಮುಟಿಗೆ ತೆಗೆದಳು. ಮುಳ್ಳು ನಟ್ಟನಡುವೆ ಬಂದು ನಿಂತಿತು. ಮುಟಿಗೆಯಲ್ಲಿದ್ದದ್ದನ್ನು ಏನು ಮಾಡುತ್ತಾಳೋ ಎಂದು ಸಾಹೇಬರು ನೋಡುತ್ತಿದ್ದರು. ಅವಳು ತಕ್ಕಡಿ ಹಿಡಿದವನ ಕೈಗೆ ಒಂದು ಚೂರು ಇಟ್ಟಳು, ಕಟ್ಟೆಯ ಮೇಲೆ ಕುಳಿತ ಹಮಾಲರಿಗೆ ಇಟ್ಟಳು, ನೀರು ಕುಡಿಯಲು ಗಾಡಿಯಿಂದ ಇಳಿದಿದ್ದ ಒಬ್ಬ ಬಾಣಂತಿಗೆ ದೊಡ್ಡ ಚೂರು ಇಟ್ಟಳು. ಗಿಡದ ಆಚೆ ಗಂಟು ತಬ್ಬಿಕೊಂಡು ಕುಳಿತವನ ಮುಂದೆಯೂ ನಿಂತು ಕೈ ಚಾಚಿದಳು.

"ತಗೋಳೋ ತಮ್ಮಾ. ಮುಂದಿನ ಸಲ ಬರೆ ಹಾಲಿಂದು ಮಾಡ್ಕೊಂಡು ಬಾ."

ಸೊಲ್ಲಾಪುರ ಮುಟ್ಟಿದಾಗ ಇನ್ನೂ ಬೆಳಕಿತ್ತು. ಸೇಠ ದಪ್ಪ ಮೈಯ ಮನುಷ್ಯ. ಹಣದ ಗಲ್ಲೆಯ ಮುಂದಿನಿಂದ ಎದ್ದು ಬಂದು ಕರಿ ದಾರ ನೋಡಿದ, ಅದನ್ನು ಹಿಡಿದಿದ್ದ ಮುದುಕಿಯನ್ನು ನೋಡಿದ. "ಇದು ನಿಮ್ಮ ಗಂಟಾ?" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳಿದ. ಒಳಗಿನಿಂದ ಆಳು ಬಂದ, ಗಂಟು ತೂಗಿ ದಾರ ಬಿಚ್ಚಿದ, ಖವಾವನ್ನು ಮೂಸಲಿಲ್ಲ, ಬೆರಳಿಗೆ ಹಚ್ಚಲಿಲ್ಲ, ಹಾಗೇ ಎತ್ತಿ ಕಡಾಯಿಗೆ ಹಾಕಿದ. ಇಪ್ಪತ್ತು ವರ್ಷ ಕೇಳಿದ್ದನ್ನು ಸಾವಂತ್ರವ್ವ ಅಂದು ಕಣ್ಣಾರೆ ನೋಡಿದಳು. ಸೇಠ ಚಹಾ ತರಿಸಿದ. ಅವಳು ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಬಶಿಯಲ್ಲಿ ಸುರುವಿಕೊಂಡು ಕುಡಿದಳು.

"ಮಳಿ ಬರೂತನಕ ವಾರಕ್ಕೊಂದು ಪರ್ಮಿಟ್ ತೆಗೀರಿ. ಎಷ್ಟು ಬಂದ್ರೂ ನನಗ ಬೇಕು," ಎಂದ ಸೇಠ. "ಆದ್ರ ಈ ಸಲ ಕೊಸರು ಕಾಣಲಿಲ್ಲಲ್ಲ, ಬಾಯೀ."

"ಹೊಳಿ ದಂಡೀಗೆ ಖರ್ಚಾತು," ಎಂದಳು ಸಾವಂತ್ರವ್ವ.

ಊರಿಗೆ ಬಂದ ಮೇಲೆ ಸ್ಟೇಶನ್ನಿನ ಮಾತನ್ನು ಅವಳು ಎತ್ತಲಿಲ್ಲ. ನೀಲಪ್ಪನೇ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದ: ನೀಲಿ ಹನಿ, ಕಂದು ಹನಿ, "ಕೈ ನನ್ನ ಸೊಸೀವು" ಎಂದದ್ದು. ರೇಣವ್ವ ಕೇಳಿಸದವಳ ಹಾಗೆ ರೊಟ್ಟಿ ಬಡಿಯುತ್ತಿದ್ದಳು. ಅಂದು ಅತ್ತೆಯ ತಾಟಿಗೆ ಬೆಣ್ಣೆ ಎರಡು ಸಲ ಬಂತು. "ಸಾಕ, ಏನು ಬಾಣಂತೀಗೆ ಹಾಕಿದಂಗ ಹಾಕ್ತೀ!" ಎಂದು ಮುದುಕಿ ಗದರಿ, ಅಷ್ಟನ್ನೂ ತಿಂದಳು. ಎರಡನೆಯ ಪರ್ಮಿಟ್ಟಿನ ಅರ್ಜಿಗೆ ನೀಲಪ್ಪ ಹೊರಟಾಗ ತಾರೀಖನ್ನು ರೇಣವ್ವ ಚೀಟಿಯಲ್ಲಿ ಬರೆದು ಅವನ ಕಿಸೆಗೆ ಹಾಕಿದಳು.

ಹಾಲಿನ ಕೈಗಡ ತೀರಿಸುವ ಕೆಲಸ ಮರುವಾರವೇ ಶುರುವಾಯಿತು. ದಿನಕ್ಕೆ ಎರಡು ಮನೆ. ಇಸಿದುಕೊಂಡ ಅಳತೆಯ ಚರಿಗೆಯಲ್ಲೇ ಅಳೆದು, ಮೇಲೆ ಒಂದಿಷ್ಟು ಎರೆದು, ಸಾವಂತ್ರವ್ವ ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರುವಳು. ಏಳನೆಯ ದಿನ ಹದಿಮೂರನೆಯ ಮನೆಯದು ಮುಗಿದ ಮೇಲೆ ಉಳಿದದ್ದು ಒಂದೇ ಮನೆ.

ಮೌಲಾಬಿ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಈ ಸಲ, "ಕೂಡ್ರು," ಎಂದಳು.

"ಕೂಡ್ರಾಕ ಬಂದಿಲ್ಲ. ತಗೋ, ಎರಡು ಚರಿಗಿ. ಪಾತ್ರಿ ತಾ."

"ನನಗ ಬ್ಯಾಡ."

"ಯಾಕ ಬ್ಯಾಡ? ಕೈಗಡಾ ಇಸ್ಕೊಂಡೇನಿ, ಕೊಡಾಕ ಬಂದೇನಿ."

"ನೀ ಕೈಗಡಾ ಇಸ್ಕೊಂಡಿರಬೇಕು. ನಾ ಕೈಗಡಾ ಕೊಟ್ಟಿಲ್ಲ." ಮೌಲಾಬಿ ಒಂದು ಬೀಜ ತೆಗೆದು ಬುಟ್ಟಿಗೆ ಹಾಕಿದಳು. "ಸೊಲ್ಲಾಪುರದ ಸೇಠ ಮೂಸಿ ಸುದ್ದಾ ನೋಡಲಿಲ್ಲಂತಲ್ಲ? ಸರಕಾರದ ಔಷಧಾ ಹಾಕಿದ್ರೂ ಬಣ್ಣಾ ಬರಲಿಲ್ಲಂತಲ್ಲ? ಅದರಾಗ ನನ್ನ ಎಮ್ಮಿ ಹಾಲೂ ಇತ್ತು. ಓಣಿ ತುಂಬ ಹೇಳೇನಿ ನಾ. ಇವತ್ತು ಅದನ್ನ ವಾಪಸ್ ಇಸ್ಕೊಂಡ್ನಿ ಅಂದ್ರ, ಖವಾದಾಗ ನನ್ನ ಹಾಲು ಇದ್ದಿದ್ದಿಲ್ಲ ಅಂದಂಗಾತು."

"ಹೇಳ್ಕೋ, ಯಾರು ಬ್ಯಾಡ ಅಂತಾರ? ಹೇಳಿಕೊಂಡು ಹಾಲೂ ತಗೋ."

"ಎರಡೂ ಆಗೂದಿಲ್ಲ."

"ಅಂದ್ರ ನಾ ಸಾಯೂಮಟಾ ನಿನ್ನ ಋಣಾ ಹೊತ್ಕೊಂಡು ತಿರಗಬೇಕೇನು?"

"ತಿರಗು," ಎಂದಳು ಮೌಲಾಬಿ. "ನಾ ಎರಡು ವರ್ಷ ನಿನ್ನ ಮಾತು ಹೊತ್ಕೊಂಡು ತಿರಗೇನಿ."

ಸಾವಂತ್ರವ್ವ ಅಂಗಳದ ನಡುವೆ ತುಂಬಿದ ಕೊಡ ಹಿಡಿದು ನಿಂತಳು. ಕೊಡವನ್ನು ಹೊಸ್ತಿಲಿಗೆ ಇಟ್ಟು ತಿರುಗಿ ನೋಡದೆ ಬಂದುಬಿಡಬಹುದಾಗಿತ್ತು. ಹಿಂದಿನ ವರ್ಷವಾಗಿದ್ದರೆ ಹಾಗೇ ಮಾಡುತ್ತಿದ್ದಳು. ಬಿಸಿಲು ನೆತ್ತಿಗೆ ಏರುತ್ತಿತ್ತು. ಮೌಲಾಬಿ ಹುಣಸೆಹಣ್ಣಿನಿಂದ ಕಣ್ಣೆತ್ತಲಿಲ್ಲ, ಕೊಡವನ್ನು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಾವಂತ್ರವ್ವ ಕೊಡವನ್ನು ಎಡ ಬಗಲಿಗೆ ಬದಲಿಸಿದಳು.

"ನಾಳಿಯಿಂದ ನಿನ್ನ ಹಾಲು ಖವಾಕ್ಕ ಕಳಸು," ಎಂದಳು.

"ವಿಚಾರ ಮಾಡ್ತೇನಿ," ಎಂದಳು ಮೌಲಾಬಿ.

ಮನೆಗೆ ಬಂದಾಗ ರೇಣವ್ವ ಕಡಾಯಿ ತೊಳೆಯುತ್ತಿದ್ದಳು. ತುಂಬಿದ ಕೊಡ ಹಾಗೇ ತಿರುಗಿ ಬಂದದ್ದನ್ನು ಕಂಡು ಕೈ ನಿಲ್ಲಿಸಿದಳು.

"ಇಸ್ಕೊಳ್ಳಲಿಲ್ಲೇನ್ರಿ ಅತ್ತಿ?"

"ಇಲ್ಲ."

"ನಾಳಿ ನಾ ಒಯ್ದು ಕೊಡ್ಲಿ?"

"ಬ್ಯಾಡ. ಹದಿಮೂರು ಮನೀದು ತೀರ್ತು. ಇದು ಇರ್ಲಿ." ಸಾವಂತ್ರವ್ವ ಕೊಡ ಇಳಿಸಿ ಸೆರಗಿನಿಂದ ಕೊರಳು ಒರೆಸಿಕೊಂಡಳು. "ಒಲಿ ಹಚ್ಚು ಲಗೂನ. ಬಿಸಲಾಗ ತಿರಗಾಡೇತಿ, ಒಡದೀತು."